ರಿಯಾಕ್ಟ್ 19ಕ್ಕೆ ಬಂದ ಮೇಲೆ ಕಾಂಪೊನೆಂಟ್‌ಗಳ ಡಿಫಾಲ್ಟ್‌ಗಳನ್ನು ಎಲ್ಲಿ ಇಡಬೇಕು?

ಪ್ರಶ್ನೆ: ನಾವು ಮೂವರು ಸೇರಿ ಬೆಂಗಳೂರಿನ ಸಗಟು ಹೂವಿನ ವ್ಯಾಪಾರಿಗಳಿಗಾಗಿ ರಿಯಾಕ್ಟ್‌ನಲ್ಲಿ (ವೆಬ್ ಪರದೆಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಒಂದು ಬಿಲ್ಲಿಂಗ್ ಅಪ್ಲಿಕೇಶನ್ ನಡೆಸುತ್ತಿದ್ದೇವೆ. ಈಚೆಗೆ 18.2ರಿಂದ ನೇರವಾಗಿ 19ಕ್ಕೆ ಬದಲಾಯಿಸಿದೆವು. ಯಾವ ಎರರ್ ಕೂಡ ಬರಲಿಲ್ಲ. ಆದರೆ ಬಿಲ್ಲಿನ ಫಾರಂನಲ್ಲಿ ‘ಕ್ಲಿಯರ್’ ಬಟನ್ ಒತ್ತಿದರೆ ಅರ್ಧ ತುಂಬಿದ ಬಿಲ್ ಸೇವ್ ಆಗಿಬಿಡುತ್ತಿದೆ. ತೂಕದ ಮುಂದೆ ಬರಬೇಕಾದ ‘ಕೆ.ಜಿ.’ ಎಂಬ ಅಕ್ಷರಗಳು ಕಾಣುತ್ತಿಲ್ಲ. ಹಳೆಯ ಕ್ಯಾಲೆಂಡರ್ ಮಾತ್ರ ಮೊದಲಿನಂತೆಯೇ ಇದೆ. ಎಲ್ಲ ಕಾಂಪೊನೆಂಟ್‌ಗಳ (ಬಟನ್, ಅಂಕಣದಂಥ ಪರದೆಯ ತುಣುಕುಗಳ) ಡಿಫಾಲ್ಟ್‌ಗಳನ್ನೂ, ಎಂದರೆ ಏನೂ ಹೇಳದಿದ್ದಾಗ ಬಳಕೆಯಾಗುವ ಆಯ್ಕೆಗಳನ್ನೂ, ಒಂದೇ ಕಡೆ ಇಡುವುದಕ್ಕಾಗಿ, ಆ ತುಣುಕುಗಳನ್ನು ಸೃಷ್ಟಿಸುವ ರಿಯಾಕ್ಟ್‌ನ ಕ್ರಿಯೇಟ್‌ಎಲಿಮೆಂಟ್ ಫಂಕ್ಷನ್ನನ್ನೇ ನಮ್ಮದರಿಂದ ಬದಲಿಸೋಣ ಎಂದು ಒಬ್ಬ ಸಹೋದ್ಯೋಗಿ ಹೇಳುತ್ತಿದ್ದಾರೆ. ಅದು ಸರಿಯಾದ ದಾರಿಯೇ?

ಉತ್ತರ: ಕ್ಯಾಲೆಂಡರ್ ಮಾತ್ರ ಕೆಟ್ಟಿಲ್ಲ ಎಂದು ನೀವು ಬರೆದಿರುವ ಸಾಲೇ ಕಾರಣವನ್ನು ತೋರಿಸಿಕೊಡುತ್ತದೆ. ಆ ಕ್ಯಾಲೆಂಡರನ್ನು ತೆರೆದು ನೋಡಿದರೆ ಅದು ಕ್ಲಾಸ್ ಆಗಿ ಬರೆದ ಕಾಂಪೊನೆಂಟ್ ಆಗಿರುತ್ತದೆ, ಕೆಟ್ಟಿರುವ ಬಟನ್ ಮತ್ತು ತೂಕದ ಅಂಕಣ ಫಂಕ್ಷನ್ ಆಗಿ ಬರೆದವು ಆಗಿರುತ್ತವೆ ಎಂಬುದು ನನ್ನ ನಂಬಿಕೆ. 2024ರ ಡಿಸೆಂಬರಿನಲ್ಲಿ ಸ್ಥಿರ ಆವೃತ್ತಿಯಾಗಿ ಬಂದ ರಿಯಾಕ್ಟ್ 19, ಫಂಕ್ಷನ್ ಕಾಂಪೊನೆಂಟ್‌ಗಳ ಮೇಲೆ ಹೊರಗಿನಿಂದ ಅಂಟಿಸುತ್ತಿದ್ದ ‘ಡಿಫಾಲ್ಟ್‌ಪ್ರಾಪ್ಸ್’ ಅನ್ನು, ಎಂದರೆ ಪ್ರಾಪ್‌ಗಳ (ಕಾಂಪೊನೆಂಟ್‌ಗೆ ಕರೆದವರು ಕೊಡುವ ಮಾಹಿತಿಯ) ಡಿಫಾಲ್ಟ್ ಪಟ್ಟಿಯನ್ನು, ಓದುವುದನ್ನೇ ಬಿಟ್ಟಿದೆ. ಕ್ಲಾಸ್ ಕಾಂಪೊನೆಂಟ್‌ಗಳಿಗೆ ಮಾತ್ರ ಅದನ್ನು ಉಳಿಸಿಕೊಂಡಿದೆ, ಏಕೆಂದರೆ ಕ್ಲಾಸ್‌ಗಳಲ್ಲಿ ಅದಕ್ಕೆ ಬದಲಿ ವ್ಯವಸ್ಥೆ ಇಲ್ಲ. ಫಂಕ್ಷನ್‌ಗಳಿಗಾದರೋ ಜಾವಾಸ್ಕ್ರಿಪ್ಟ್ ಭಾಷೆಯೇ 2015ರಲ್ಲಿ ಪ್ಯಾರಾಮೀಟರ್‌ಗಳಿಗೆ (ಫಂಕ್ಷನ್ ಪಡೆದುಕೊಳ್ಳುವ ಮಾಹಿತಿಗೆ) ಡಿಫಾಲ್ಟ್ ಬೆಲೆ (ವ್ಯಾಲ್ಯೂ, ಹಣದ ಬೆಲೆಯಲ್ಲ) ಕೊಡುವ ಸೌಲಭ್ಯವನ್ನು ತಂದಿತ್ತು, ಹಾಗಾಗಿ ಒಂದೇ ಕೆಲಸಕ್ಕೆ ಎರಡು ದಾರಿ ಬೇಡವೆಂದು ರಿಯಾಕ್ಟ್ ತನ್ನದನ್ನು ತೆಗೆದುಹಾಕಿತು.

ಎಚ್ಚರಿಕೆ ಸಿಗದೆ ಹೋದದ್ದಕ್ಕೆ ಕಾರಣ ನೀವು ಹಾರಿದ ಮೆಟ್ಟಿಲು. 2024ರ ಏಪ್ರಿಲಿನಲ್ಲಿ 18.3 ಎಂಬ ಆವೃತ್ತಿ ಬಂದದ್ದು ಬಹುಮಟ್ಟಿಗೆ ಇದೇ ಉದ್ದೇಶಕ್ಕಾಗಿ: ಅದರ ನಡವಳಿಕೆ 18.2ರಂತೆಯೇ ಇದ್ದು, 19ರಲ್ಲಿ ಇಲ್ಲವಾಗುವ ಬಳಕೆಗಳ ಬಗ್ಗೆ ಬ್ರೌಸರಿನ ಕನ್ಸೋಲಿನಲ್ಲಿ ಎಚ್ಚರಿಕೆ ಬರುತ್ತದೆ. ಈಗಲೂ ತಡವಾಗಿಲ್ಲ. ಒಂದು ಬೇರೆ ಬ್ರಾಂಚ್‌ನಲ್ಲಿ (ಕೋಡಿನ ಪ್ರತ್ಯೇಕ ಪ್ರತಿಯಲ್ಲಿ) 18.3ಕ್ಕೆ ಹಿಂದಿರುಗಿ, ಎಲ್ಲ ಪರದೆಗಳನ್ನೂ ಒಮ್ಮೆ ತೆರೆದು, ಬಂದ ಎಚ್ಚರಿಕೆಗಳನ್ನು ಪಟ್ಟಿ ಮಾಡಿಕೊಳ್ಳಿ. ಅದರ ಜೊತೆಗೆ ಕೋಡಿನಲ್ಲಿ ಡಿಫಾಲ್ಟ್‌ಪ್ರಾಪ್ಸ್ ಎಂಬ ಪದವನ್ನು ಹುಡುಕಿ, ಏಕೆಂದರೆ ನೀವು ತೆರೆಯದ ಪರದೆ ಎಚ್ಚರಿಕೆಯನ್ನೂ ಕೊಡುವುದಿಲ್ಲ.

‘ಕ್ಲಿಯರ್’ ಒತ್ತಿದರೆ ಬಿಲ್ ಏಕೆ ಸೇವ್ ಆಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಡಿಫಾಲ್ಟ್‌ಗಳ ಸ್ವಭಾವವೆಲ್ಲ ಅದರಲ್ಲಿ ಅಡಗಿದೆ. ಎಚ್‌ಟಿಎಂಎಲ್ ನಿಯಮದಂತೆ ಫಾರಂನೊಳಗಿರುವ ಬಟನ್‌ಗೆ ‘ಟೈಪ್’ ಹೇಳದಿದ್ದರೆ ಬ್ರೌಸರ್ ಅದನ್ನು ಸಬ್‌ಮಿಟ್ ಬಟನ್ (ಫಾರಂ ಕಳಿಸುವ ಬಟನ್) ಎಂದೇ ತಿಳಿಯುತ್ತದೆ. ಆ ನಿಯಮ ಗೊತ್ತಿದ್ದ ಯಾರೋ ನಿಮ್ಮ ತಂಡದಲ್ಲಿ ಡಿಫಾಲ್ಟ್‌ಪ್ರಾಪ್ಸ್ ಮೂಲಕ ಟೈಪ್ ಅನ್ನು ‘ಬಟನ್’ ಎಂದು ಇಟ್ಟಿದ್ದರು. ರಿಯಾಕ್ಟ್ ಅದನ್ನು ಓದುವುದನ್ನು ನಿಲ್ಲಿಸಿದಾಗ ಆ ಪ್ರಾಪ್ ಅನ್‌ಡಿಫೈನ್ಡ್ (ಬೆಲೆಯನ್ನೇ ಕೊಡದ ಸ್ಥಿತಿ) ಆಯಿತು. ಅನ್‌ಡಿಫೈನ್ಡ್ ಆದ ಗುಣವನ್ನು ರಿಯಾಕ್ಟ್ ಪುಟಕ್ಕೆ ಬರೆಯುವುದೇ ಇಲ್ಲ. ಬರೆಯದ ಜಾಗದಲ್ಲಿ ಬ್ರೌಸರಿನ ಡಿಫಾಲ್ಟ್ ಬಂದು ಕೂತಿತು. ಎಂದರೆ ನೀವು ಒಂದು ಡಿಫಾಲ್ಟನ್ನು ತೆಗೆದರೆ ಅಲ್ಲಿ ಶೂನ್ಯ ಉಳಿಯುವುದಿಲ್ಲ, ಅದರ ಕೆಳಗಿನ ಪದರದ ಡಿಫಾಲ್ಟ್ ಮೇಲೆ ಬರುತ್ತದೆ. ನಿಮ್ಮ ಕಾಂಪೊನೆಂಟ್, ಅದರ ಕೆಳಗೆ ಲೈಬ್ರರಿ, ಅದರ ಕೆಳಗೆ ಬ್ರೌಸರ್, ಅದರ ಕೆಳಗೆ ಬಳಕೆದಾರರ ಯಂತ್ರದ ಭಾಷೆ ಮತ್ತು ಸಮಯವಲಯ, ಹೀಗೆ ಪ್ರತಿ ಪದರಕ್ಕೂ ತನ್ನದೇ ಆದ ತೀರ್ಮಾನವಿದೆ. ‘ಕೆ.ಜಿ.’ ಕಾಣದಿರುವುದೂ ಇದೇ ಬಗೆಯದು: ಅನ್‌ಡಿಫೈನ್ಡ್ ಆದ ಪಠ್ಯವನ್ನು ರಿಯಾಕ್ಟ್ ತಪ್ಪೆಂದು ಸಾರುವುದಿಲ್ಲ, ಏನನ್ನೂ ತೋರಿಸದೆ ಮುಂದೆ ಹೋಗುತ್ತದೆ.

ಪರಿಹಾರ ಮೇಲ್ನೋಟಕ್ಕೆ ಸುಲಭ. ಫಂಕ್ಷನ್ನಿನ ಪ್ಯಾರಾಮೀಟರ್‌ನಲ್ಲಿ ಪ್ರಾಪ್‌ಗಳನ್ನು ಬಿಡಿಸಿಕೊಳ್ಳುವ ಜಾಗದಲ್ಲಿಯೇ ಪ್ರತಿಯೊಂದರ ಮುಂದೆ ಸಮ ಚಿಹ್ನೆ ಹಾಕಿ ಡಿಫಾಲ್ಟ್ ಬರೆಯಿರಿ. ಓದುವವರಿಗೆ ಪ್ರಾಪಿನ ಹೆಸರೂ ಅದರ ಡಿಫಾಲ್ಟೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಟೈಪ್‌ಸ್ಕ್ರಿಪ್ಟ್ (ಬೆಲೆಗಳ ಬಗೆಯನ್ನು ಮೊದಲೇ ಪರಿಶೀಲಿಸುವ ಜಾವಾಸ್ಕ್ರಿಪ್ಟ್ ರೂಪ) ಬಳಸುತ್ತಿದ್ದರೆ ಆ ಪ್ರಾಪ್ ಒಳಗೆ ಎಂದೂ ಅನ್‌ಡಿಫೈನ್ಡ್ ಆಗಿರದೆಂದು ಅದು ತಾನಾಗಿ ಅರಿಯುತ್ತದೆ. ಆದರೆ ಹಳೆಯದನ್ನು ಹೊಸದಕ್ಕೆ ಯಾಂತ್ರಿಕವಾಗಿ ಬದಲಾಯಿಸುವಾಗ ಒಂದು ಕಡೆ ಜಾರುವ ಸಂಭವ ಬಹಳ ಹೆಚ್ಚು.

ಹಳೆಯ ಡಿಫಾಲ್ಟ್‌ಪ್ರಾಪ್ಸ್ ಎಂಬುದು ಫೈಲು ಮೊದಲ ಸಲ ಓದಲ್ಪಟ್ಟಾಗ ಒಮ್ಮೆ ಮಾತ್ರ ಹುಟ್ಟುತ್ತಿದ್ದ ವಸ್ತು. ಅದರಲ್ಲಿ ಖಾಲಿ ಪಟ್ಟಿಯೊಂದನ್ನು ಡಿಫಾಲ್ಟ್ ಆಗಿ ಇಟ್ಟಿದ್ದರೆ ಪ್ರತಿ ರೆಂಡರಿನಲ್ಲೂ (ಪರದೆಗಾಗಿ ಕಾಂಪೊನೆಂಟ್ ಮತ್ತೆ ಲೆಕ್ಕವಾದಾಗಲೆಲ್ಲ) ಅದೇ ಪಟ್ಟಿ ಸಿಗುತ್ತಿತ್ತು. ಪ್ಯಾರಾಮೀಟರಿನ ಡಿಫಾಲ್ಟ್ ಹಾಗಲ್ಲ. ಫಂಕ್ಷನ್ ಕರೆಯಲ್ಪಟ್ಟ ಪ್ರತಿ ಸಲವೂ ಅದು ಹೊಸದಾಗಿ ಲೆಕ್ಕವಾಗುತ್ತದೆ, ಆದ್ದರಿಂದ ಪ್ರತಿ ರೆಂಡರಿಗೂ ಬೇರೊಂದು ಖಾಲಿ ಪಟ್ಟಿ ಹುಟ್ಟುತ್ತದೆ. ನೋಡಲು ಎರಡೂ ಖಾಲಿಯೇ, ಆದರೆ ರಿಯಾಕ್ಟ್ ಹೋಲಿಸುವುದು ಒಳಗಿನದನ್ನಲ್ಲ, ಅದೇ ವಸ್ತುವೇ ಹೌದೋ ಅಲ್ಲವೋ ಎಂಬುದನ್ನು. ಆ ಪಟ್ಟಿಯನ್ನು ಯೂಸ್‌ಎಫೆಕ್ಟ್‌ನ (ಅವಲಂಬನೆ ಬದಲಾದಾಗ ರೆಂಡರಿನ ನಂತರ ನಡೆಯುವ ಕೆಲಸದ) ಅವಲಂಬನೆಗಳಲ್ಲಿ ಹಾಕಿದ್ದರೆ, ಆ ಎಫೆಕ್ಟ್ ಸರ್ವರಿನಿಂದ ದತ್ತಾಂಶ ತಂದು ಸ್ಟೇಟ್‌ನಲ್ಲಿ (ಕಾಂಪೊನೆಂಟಿನ ನೆನಪಿನಲ್ಲಿ) ಇಡುತ್ತಿದ್ದರೆ, ಸ್ಟೇಟ್ ಬದಲಾದದ್ದರಿಂದ ಮತ್ತೆ ರೆಂಡರ್, ರೆಂಡರಿನಿಂದ ಹೊಸ ಪಟ್ಟಿ, ಹೊಸ ಪಟ್ಟಿಯಿಂದ ಮತ್ತೆ ಎಫೆಕ್ಟ್ ಎಂದು ಕೊನೆಯಿಲ್ಲದೆ ಸುತ್ತುತ್ತದೆ. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಇದೇ ತಪ್ಪು ನನ್ನ ಕೈಯಿಂದಲೇ ಆಗಿತ್ತು; ಯಾರೋ ಸಂಜೆ ಒಂದು ವರದಿಯ ಪುಟವನ್ನು ತೆರೆದಿಟ್ಟು ಮನೆಗೆ ಹೋದರು, ಬೆಳಗಾಗುವವರೆಗೆ ಆ ಒಂದು ಬ್ರೌಸರ್ ಸರ್ವರನ್ನು ಬಿಡದೆ ಕೇಳುತ್ತಲೇ ಇತ್ತು. ಅಂದಿನಿಂದ ನಾನು ಪಾಲಿಸುವ ಕ್ರಮ ಇದು: ಅಂಕಿ, ಅಕ್ಷರ, ಹೌದು-ಇಲ್ಲ ಇಂಥ ಸರಳ ಬೆಲೆಗಳನ್ನು ಪ್ಯಾರಾಮೀಟರ್‌ನಲ್ಲಿಯೇ ಬರೆಯುತ್ತೇನೆ, ಪಟ್ಟಿ, ಆಬ್ಜೆಕ್ಟ್, ಫಂಕ್ಷನ್ ಈ ಮೂರನ್ನು ಕಾಂಪೊನೆಂಟಿನ ಹೊರಗೆ, ಫೈಲಿನ ಮೇಲ್ಭಾಗದಲ್ಲಿ, ಹೆಸರಿಟ್ಟ ಸ್ಥಿರಾಂಕವಾಗಿ ಬರೆದು ಆ ಹೆಸರನ್ನು ಡಿಫಾಲ್ಟ್ ಆಗಿ ಕೊಡುತ್ತೇನೆ. ಏನೂ ಮಾಡದ ಖಾಲಿ ಫಂಕ್ಷನ್ನಿಗೂ ಇದೇ ಕ್ರಮ ಅನ್ವಯಿಸುತ್ತದೆ, ಅದನ್ನು ಅನೇಕರು ಮರೆಯುತ್ತಾರೆ.

ಇನ್ನು ಹೆಚ್ಚು ಗಂಭೀರವಾದ ವಿಷಯಕ್ಕೆ ಬರುತ್ತೇನೆ. ಡಿಫಾಲ್ಟ್ ಎಂದರೆ ಕರೆದವರು ಏನೂ ಹೇಳದಿದ್ದಾಗ ನಾವು ಅವರ ಪರವಾಗಿ ತೆಗೆದುಕೊಳ್ಳುವ ತೀರ್ಮಾನ. ಹಾಗಾದರೆ ‘ಏನೂ ಹೇಳಲಿಲ್ಲ’ ಎಂಬುದನ್ನು ಗುರುತಿಸುವುದು ಹೇಗೆ? ಹಳೆಯ ವ್ಯವಸ್ಥೆಯಲ್ಲೂ ಹೊಸ ವ್ಯವಸ್ಥೆಯಲ್ಲೂ ಉತ್ತರ ಒಂದೇ: ಬೆಲೆ ಅನ್‌ಡಿಫೈನ್ಡ್ ಆಗಿದ್ದರೆ ಮಾತ್ರ ಡಿಫಾಲ್ಟ್ ಬರುತ್ತದೆ. ಬೆಲೆ ನಲ್ ಆಗಿದ್ದರೆ ಬರುವುದಿಲ್ಲ, ಏಕೆಂದರೆ ನಲ್ ಎಂಬುದು ‘ಇಲ್ಲ ಎಂದು ಹೇಳಿದ್ದೇನೆ’ ಎಂಬ ಮಾತು. ಈ ಭೇದ ಚೆನ್ನಾಗಿದೆ, ಆದರೆ ನಿಮ್ಮ ಅಪ್ಲಿಕೇಶನ್‌ಗೆ ಅದು ತೊಂದರೆ ಕೊಡುವುದು ಖಂಡಿತ, ಏಕೆಂದರೆ ಸರ್ವರಿನಿಂದ ದತ್ತಾಂಶ ಬರುವ ಜೇಸನ್ ಎಂಬ ಪಠ್ಯರೂಪದಲ್ಲಿ ಅನ್‌ಡಿಫೈನ್ಡ್ ಎಂಬುದೇ ಇಲ್ಲ, ನಲ್ ಮಾತ್ರ ಇದೆ. ದತ್ತಸಂಚಯದಲ್ಲಿ ಅಳತೆಯ ಕಾಲಂ ಖಾಲಿ ಇದ್ದರೆ ಅದು ನಲ್ ಆಗಿ ಬಂದು ನಿಮ್ಮ ‘ಕೆ.ಜಿ.’ ಡಿಫಾಲ್ಟನ್ನು ದಾಟಿ ಹೋಗುತ್ತದೆ, ಪರದೆಯ ಮೇಲೆ ಮತ್ತೆ ಏನೂ ಕಾಣುವುದಿಲ್ಲ. ಪ್ರತಿ ಕಾಂಪೊನೆಂಟಿನಲ್ಲೂ ನಲ್ ಇದೆಯೇ ಎಂದು ನೋಡುವ ಬದಲು, ಸರ್ವರಿನ ಉತ್ತರವನ್ನು ಓದುವ ಒಂದೇ ಜಾಗದಲ್ಲಿ ಅದರ ಅರ್ಥವನ್ನು ತೀರ್ಮಾನಿಸಿ: ಈ ನಲ್ ಎಂದರೆ ಗೊತ್ತಿಲ್ಲ ಎಂದೋ, ಬೇಡ ಎಂದೋ? ಗೊತ್ತಿಲ್ಲ ಎಂದಾದರೆ ಆ ಕೀಯನ್ನೇ ತೆಗೆದು ಮುಂದೆ ಕಳಿಸಿ, ಆಗ ಡಿಫಾಲ್ಟ್ ತನ್ನ ಕೆಲಸ ಮಾಡುತ್ತದೆ.

ಅಳತೆಯ ವಿಷಯ ಬಂದುದರಿಂದ ಒಂದು ಮಾತು. ಬಿಡಿ ಹೂವನ್ನು ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರೆ, ಕಟ್ಟಿದ ಹೂವನ್ನು ಮೊಳ ಅಥವಾ ಮಾರಿನ ಲೆಕ್ಕದಲ್ಲಿ ಮಾರುತ್ತಾರೆ. ಹೀಗಿರುವಾಗ ಅಳತೆಗೆ ‘ಕೆ.ಜಿ.’ ಎಂಬ ಡಿಫಾಲ್ಟ್ ಇರಲೇಬೇಕೇ ಎಂಬುದನ್ನು ವ್ಯಾಪಾರಿಗಳೊಡನೆ ಕೂತು ಯೋಚಿಸಿ. ತಪ್ಪಿದರೆ ತಕ್ಷಣ ಕಣ್ಣಿಗೆ ಬೀಳುವ ಜಾಗದಲ್ಲಿ ಡಿಫಾಲ್ಟ್ ಇಡುವುದರಲ್ಲಿ ದೋಷವಿಲ್ಲ. ಬಟನ್ನಿನ ಗಾತ್ರ ತಪ್ಪಿದರೆ ಯಾರಾದರೂ ನೋಡಿ ಹೇಳುತ್ತಾರೆ. ತಪ್ಪಿದ್ದು ಗೊತ್ತೇ ಆಗದೆ ಹಣದ ಲೆಕ್ಕದೊಳಗೆ ಸೇರಿಕೊಳ್ಳುವ ಜಾಗದಲ್ಲಿ ಡಿಫಾಲ್ಟ್ ಇಡದೆ, ಆ ಪ್ರಾಪ್ ಅನ್ನು ಕಡ್ಡಾಯಗೊಳಿಸಿ, ಕೊಡದಿದ್ದರೆ ಟೈಪ್‌ಸ್ಕ್ರಿಪ್ಟ್ ಕೋಡನ್ನು ಒಪ್ಪದಂತೆ ಮಾಡುವುದು ಮೇಲು. ನನ್ನ ಅಭಿಪ್ರಾಯದಲ್ಲಿ ಅಳತೆ, ಕಮಿಷನ್, ತೆರಿಗೆಯ ದರ ಇವು ಮೂರೂ ಆ ಗುಂಪಿಗೆ ಸೇರುತ್ತವೆ.

ಕಮಿಷನ್ ಎಂದಾಗ ‘||’ ಚಿಹ್ನೆಯ ಬಗ್ಗೆ ಎಚ್ಚರಿಸಲೇಬೇಕು. ಡಿಫಾಲ್ಟ್ ಕೊಡುವುದಕ್ಕೆ ಈ ಚಿಹ್ನೆಯನ್ನು ಬಳಸುವ ಅಭ್ಯಾಸ ಬಹಳ ಹಳೆಯದು. ಆದರೆ ಅದು ಅನ್‌ಡಿಫೈನ್ಡ್ ಮತ್ತು ನಲ್ ಜೊತೆಗೆ ಸೊನ್ನೆ, ಖಾಲಿ ಅಕ್ಷರಸಾಲು, ಫಾಲ್ಸ್ ಇವನ್ನೂ ‘ಏನೂ ಇಲ್ಲ’ ಎಂದೇ ಎಣಿಸುತ್ತದೆ. ಡಿಫಾಲ್ಟ್ ಕಮಿಷನ್ ಶೇಕಡಾ 5 ಎಂದಿಟ್ಟುಕೊಳ್ಳಿ. ವ್ಯಾಪಾರಿಯೊಬ್ಬರು ತಮ್ಮ ಹಳೆಯ ಗಿರಾಕಿಗಾಗಿ ಕಮಿಷನ್ ಬಿಟ್ಟುಕೊಟ್ಟು 0 ಎಂದು ನಮೂದಿಸಿದರೆ, ಬಿಲ್ಲಿನಲ್ಲಿ 5 ಎಂದೇ ಬರುತ್ತದೆ. ಅವರು ಸ್ಪಷ್ಟವಾಗಿ ಹೇಳಿದ ಮಾತನ್ನು ಅಪ್ಲಿಕೇಶನ್ ಕೇಳಿಸಿಕೊಳ್ಳಲೇ ಇಲ್ಲ. 2020ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಸೇರಿದ ‘??’ ಚಿಹ್ನೆ ಅನ್‌ಡಿಫೈನ್ಡ್ ಮತ್ತು ನಲ್ ಎರಡಕ್ಕೆ ಮಾತ್ರ ಡಿಫಾಲ್ಟ್ ಕೊಟ್ಟು ಸೊನ್ನೆಯನ್ನು ಸೊನ್ನೆಯಾಗಿಯೇ ಉಳಿಸುತ್ತದೆ. ನಿಮ್ಮ ಕೋಡಿನಲ್ಲಿ ‘||’ ಇರುವ ಪ್ರತಿ ಜಾಗವನ್ನೂ ಒಮ್ಮೆ ನೋಡಿ, ಅಂಕಿ ಬರುವ ಜಾಗಗಳನ್ನು ಮೊದಲು ನೋಡಿ.

ಹೌದು-ಇಲ್ಲ ಬಗೆಯ ಪ್ರಾಪ್‌ಗಳಿಗೆ ಹೆಸರಿಡುವಾಗ, ಏನೂ ಹೇಳದಿದ್ದರೆ ಫಾಲ್ಸ್ ಆಗುವಂತೆ ಹೆಸರಿಡಿ. ‘ಎನೇಬಲ್ಡ್’ ಎಂಬ ಪ್ರಾಪ್ ಇಟ್ಟು ಅದಕ್ಕೆ ಟ್ರೂ ಡಿಫಾಲ್ಟ್ ಕೊಡುವ ಬದಲು, ಎಚ್‌ಟಿಎಂಎಲ್‌ನಲ್ಲಿ ಇರುವ ಹಾಗೆ ‘ಡಿಸೇಬಲ್ಡ್’ ಎಂದಿಟ್ಟರೆ ಡಿಫಾಲ್ಟ್ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಸಲಹೆ. ಕ್ರಿಯೇಟ್‌ಎಲಿಮೆಂಟ್ ಫಂಕ್ಷನ್ನನ್ನು ಬದಲಿಸಿದರೆ ಎಲ್ಲ ಕಾಂಪೊನೆಂಟ್‌ಗಳೂ ಅದರ ಮೂಲಕವೇ ಹಾದುಹೋಗುತ್ತವೆ ಎಂಬ ಎಣಿಕೆ ಒಂದು ಕಾಲಕ್ಕೆ ಸರಿಯಾಗಿತ್ತು. ಆದರೆ 2020ರ ಅಕ್ಟೋಬರಿನಲ್ಲಿ ರಿಯಾಕ್ಟ್ 17ರ ಜೊತೆ ಬಂದ ಹೊಸ ಜೆಎಸ್‌ಎಕ್ಸ್ (ಜಾವಾಸ್ಕ್ರಿಪ್ಟ್ ಒಳಗೆ ಟ್ಯಾಗ್ ಬರೆಯುವ ರೂಪ) ಪರಿವರ್ತನೆಯಲ್ಲಿ ನೀವು ಬರೆದ ಟ್ಯಾಗ್‌ಗಳು ಕ್ರಿಯೇಟ್‌ಎಲಿಮೆಂಟ್ ಆಗಿ ಬದಲಾಗದೆ, ಬೇರೊಂದು ಒಳ ಫಂಕ್ಷನ್ನಿನ ಕರೆಗಳಾಗಿ ಬದಲಾಗುತ್ತವೆ. 19ರಲ್ಲಿ ಈ ಹೊಸ ಪರಿವರ್ತನೆ ಕಡ್ಡಾಯ. ಆದ್ದರಿಂದ ಆ ಉಪಾಯ ನಿಮ್ಮಲ್ಲಿ ಬಹುತೇಕ ಕಡೆ ಕೆಲಸವನ್ನೇ ಮಾಡುವುದಿಲ್ಲ. ಮಾಡುವಂತಿದ್ದರೂ ನಾನು ಬೇಡವೆನ್ನುತ್ತಿದ್ದೆ. ಬಟನ್ನಿನ ಫೈಲನ್ನು ತೆರೆದವರಿಗೆ ಅದರ ನಡವಳಿಕೆಯ ಮೂಲ ಅಲ್ಲಿ ಕಾಣದಿದ್ದರೆ, ಮುಂದೆ ನಿಮ್ಮ ತಂಡಕ್ಕೆ ಬರುವ ನಾಲ್ಕನೆಯವರು ಅದನ್ನು ಹುಡುಕಿ ದಿನಗಳನ್ನು ಕಳೆಯುತ್ತಾರೆ.

ಒಂದೇ ಕಡೆ ಇಡಬೇಕೆಂಬ ಬಯಕೆ ಮಾತ್ರ ತಪ್ಪಲ್ಲ, ಅದಕ್ಕೆ ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು ಹೊದಿಕೆಯ ಕಾಂಪೊನೆಂಟ್: ಲೈಬ್ರರಿಯ ಬಟನ್ನನ್ನು ಯಾರೂ ನೇರವಾಗಿ ಬಳಸದೆ, ನಿಮ್ಮದೇ ಒಂದು ಬಟನ್ ಬರೆದು, ಅದರಲ್ಲಿ ಡಿಫಾಲ್ಟ್‌ಗಳನ್ನು ಇಟ್ಟು, ಎಲ್ಲರೂ ಅದನ್ನೇ ತರಿಸಿಕೊಳ್ಳುವಂತೆ ಮಾಡುವುದು. ಇದನ್ನು ಬರೆಯುವಾಗ ಅನೇಕರು ಡಿಫಾಲ್ಟನ್ನು ಮೊದಲು ಬರೆದು, ಬಂದ ಪ್ರಾಪ್‌ಗಳನ್ನೆಲ್ಲ ಮೂರು ಚುಕ್ಕಿಗಳ ಸ್ಪ್ರೆಡ್ ಮೂಲಕ ಅದರ ನಂತರ ಹರಡುತ್ತಾರೆ, ಕೊಟ್ಟದ್ದು ಡಿಫಾಲ್ಟನ್ನು ಮೀರಲಿ ಎಂದು. ಇದರಲ್ಲಿ ಒಂದು ತೂತು ಇದೆ. ಕರೆದವರು ಟೈಪ್ ಎಂಬ ಪ್ರಾಪ್ ಅನ್ನು ಹೆಸರಿಸಿ ಅದರ ಬೆಲೆ ಅನ್‌ಡಿಫೈನ್ಡ್ ಆಗಿದ್ದರೆ, ಸ್ಪ್ರೆಡ್ ಆ ಅನ್‌ಡಿಫೈನ್ಡನ್ನೂ ನಿಷ್ಠೆಯಿಂದ ನಕಲು ಮಾಡಿ ನಿಮ್ಮ ಡಿಫಾಲ್ಟನ್ನು ಅಳಿಸಿಬಿಡುತ್ತದೆ. ಆಗ ‘ಕ್ಲಿಯರ್’ ಬಟನ್ ಮತ್ತೆ ಬಿಲ್ ಸೇವ್ ಮಾಡತೊಡಗುತ್ತದೆ. ಆದ್ದರಿಂದ ಹೊದಿಕೆಯಲ್ಲೂ ಡಿಫಾಲ್ಟ್ ಬೇಕಾದ ಪ್ರಾಪ್‌ಗಳನ್ನು ಪ್ಯಾರಾಮೀಟರಿನಲ್ಲೇ ಬಿಡಿಸಿಕೊಂಡು ಬೆಲೆ ಕೊಡಿ, ಉಳಿದವನ್ನು ಮಾತ್ರ ಸ್ಪ್ರೆಡ್ ಮಾಡಿ.

ಎರಡನೆಯದು ಕಾಂಟೆಕ್ಸ್ಟ್, ಎಂದರೆ ಮೇಲಿನ ಕಾಂಪೊನೆಂಟ್ ತನ್ನ ಒಳಗಿನವುಗಳಿಗೆಲ್ಲ ಬೆಲೆ ತಲುಪಿಸುವ ವ್ಯವಸ್ಥೆ. ಒಂದೇ ಬಟನ್ ಬಿಲ್ಲಿನ ಪರದೆಯಲ್ಲಿ ದೊಡ್ಡದಾಗಿ, ವರದಿಯ ಪರದೆಯಲ್ಲಿ ಚಿಕ್ಕದಾಗಿ ಇರಬೇಕೆಂದಾದರೆ ಹೊದಿಕೆ ಸಾಲದು. ಪರದೆಯ ಮಟ್ಟದಲ್ಲಿ ಗಾತ್ರವನ್ನು ಸಾರಿ, ಒಳಗಿನ ಕಾಂಪೊನೆಂಟ್‌ಗಳು ಅದನ್ನು ಓದಿಕೊಳ್ಳುವಂತೆ ಮಾಡಬೇಕು. ಕ್ರಮ ಹೀಗಿರಲಿ: ನೇರವಾಗಿ ಕೊಟ್ಟ ಪ್ರಾಪ್ ಎಲ್ಲಕ್ಕಿಂತ ಮೇಲು, ಅದಿಲ್ಲದಿದ್ದರೆ ಕಾಂಟೆಕ್ಸ್ಟ್ ಹೇಳಿದ್ದು, ಅದೂ ಇಲ್ಲದಿದ್ದರೆ ಕಾಂಪೊನೆಂಟಿನ ಸ್ವಂತ ಡಿಫಾಲ್ಟ್. ಕಾಂಟೆಕ್ಸ್ಟ್ ರಚಿಸುವಾಗ ಕೊಡುವ ಮೊದಲ ಬೆಲೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮೇಲೆ ಎಲ್ಲೂ ಪ್ರೊವೈಡರ್ (ಆ ಬೆಲೆಯನ್ನು ಒದಗಿಸುವ ಕಾಂಪೊನೆಂಟ್) ಇಲ್ಲದಿದ್ದರೆ ಮಾತ್ರ ಅದು ಬಳಕೆಯಾಗುತ್ತದೆ. ಪ್ರೊವೈಡರ್ ಇದ್ದು ಅದಕ್ಕೆ ಅನ್‌ಡಿಫೈನ್ಡ್ ಕೊಟ್ಟಿದ್ದರೆ ಒಳಗಿನವರಿಗೆ ಅನ್‌ಡಿಫೈನ್ಡೇ ಸಿಗುತ್ತದೆ. ಪ್ಯಾರಾಮೀಟರಿನ ನಿಯಮಕ್ಕೆ ಇದು ವಿರುದ್ಧವಾಗಿರುವುದರಿಂದ ಬಲ್ಲವರೂ ಎಡವುತ್ತಾರೆ. ಸರ್ವರ್ ಕಾಂಪೊನೆಂಟ್‌ಗಳನ್ನು (ಬ್ರೌಸರಿನಲ್ಲಲ್ಲ, ಸರ್ವರಿನಲ್ಲಿ ಮಾತ್ರ ನಡೆಯುವವು) ಬಳಸುತ್ತಿದ್ದರೆ ಅವುಗಳೊಳಗೆ ಕಾಂಟೆಕ್ಸ್ಟ್ ಓದಲಾಗುವುದಿಲ್ಲ ಎಂಬುದೂ ನೆನಪಿರಲಿ.

ನೀವು ಎಂಯುಐ ಎಂಬ ಸಿದ್ಧ ಕಾಂಪೊನೆಂಟ್‌ಗಳ ಲೈಬ್ರರಿಯನ್ನು ಬಳಸುತ್ತಿದ್ದರೆ ಈ ಎರಡನೆಯ ದಾರಿಯನ್ನು ಅದೇ ಸಿದ್ಧಮಾಡಿ ಕೊಟ್ಟಿದೆ. ಅದರ ಥೀಮ್‌ನಲ್ಲಿ ಪ್ರತಿ ಕಾಂಪೊನೆಂಟಿನ ಹೆಸರಿನ ಕೆಳಗೆ ಡಿಫಾಲ್ಟ್‌ಪ್ರಾಪ್ಸ್ ಎಂಬ ಭಾಗವಿದ್ದು, ಇಡೀ ಅಪ್ಲಿಕೇಶನ್‌ಗೆ ಬೇಕಾದ ಡಿಫಾಲ್ಟ್‌ಗಳನ್ನು ಅಲ್ಲಿ ಬರೆಯಬಹುದು. ಹೆಸರು ಒಂದೇ ಆದ್ದರಿಂದ ಇದೂ 19ರಲ್ಲಿ ನಿಂತುಹೋಯಿತೆಂದು ಕೆಲವರು ಗಾಬರಿಯಿಂದ ತೆಗೆದುಹಾಕುತ್ತಾರೆ. ಹಾಗೆ ಮಾಡಬೇಡಿ. ಇದನ್ನು ಓದುವುದು ರಿಯಾಕ್ಟ್ ಅಲ್ಲ, ಎಂಯುಐ ತಾನೇ ಥೀಮ್‌ನಿಂದ ಓದುತ್ತದೆ, ಹಾಗಾಗಿ ಅದು ಮೊದಲಿನಂತೆಯೇ ನಡೆಯುತ್ತದೆ.

ಇನ್‌ಪುಟ್‌ಗಳ ‘ಡಿಫಾಲ್ಟ್‌ವ್ಯಾಲ್ಯೂ’ ಎಂಬ ಪ್ರಾಪ್ ಹೆಸರಿನಲ್ಲಿ ಹತ್ತಿರವಾಗಿದ್ದರೂ ಬೇರೆಯೇ ವಸ್ತು. ಆ ಅಂಕಣ ಮೊದಲ ಸಲ ಪರದೆಗೆ ಬಂದಾಗ ತುಂಬಬೇಕಾದ ಬೆಲೆಯನ್ನು ಅದು ಹೇಳುತ್ತದೆ, ನಂತರ ಬದಲಾಯಿಸಿದರೆ ಇನ್‌ಪುಟ್ ಅದನ್ನು ಲೆಕ್ಕಿಸುವುದಿಲ್ಲ. ದಿನದ ದರ ಸರ್ವರಿನಿಂದ ಸ್ವಲ್ಪ ತಡವಾಗಿ ಬಂದರೆ ಅಂಕಣ ಖಾಲಿಯೇ ಉಳಿಯುವುದು ಇದರಿಂದ. ದರ ಬರುವವರೆಗೆ ಆ ಅಂಕಣವನ್ನು ತೋರಿಸದಿರಿ, ಇಲ್ಲವೇ ‘ವ್ಯಾಲ್ಯೂ’ ಮತ್ತು ‘ಆನ್‌ಚೇಂಜ್’ ಎರಡನ್ನೂ ಕೊಟ್ಟು ಬೆಲೆಯನ್ನು ಸ್ಟೇಟ್‌ನಲ್ಲಿ ಇಟ್ಟುಕೊಳ್ಳಿ.

ದಿನಾಂಕದ ಡಿಫಾಲ್ಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೂವಿನ ವ್ಯಾಪಾರವೆಂದು ತಿಳಿದ ಮೇಲೆ ಹೇಳದೆ ಇರಲಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ವಹಿವಾಟು ನಡೆಯುವುದು ಬೆಳಕು ಹರಿಯುವ ಮೊದಲೇ. ಬಿಲ್ಲಿನ ದಿನಾಂಕಕ್ಕೆ ‘ಈಗಿನ ಸಮಯ’ ಎಂಬುದನ್ನೇ ಡಿಫಾಲ್ಟ್ ಆಗಿಟ್ಟು, ಪುಟವನ್ನು ಸರ್ವರಿನಲ್ಲಿ ರೆಂಡರ್ ಮಾಡುತ್ತಿದ್ದು, ಆ ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ, ನಮ್ಮ ಗಡಿಯಾರದಲ್ಲಿ ಬೆಳಗಿನ 5.30ರವರೆಗೆ ಬರೆದ ಬಿಲ್‌ಗಳೆಲ್ಲ ಹಿಂದಿನ ದಿನದ ತಾರೀಖಿನಲ್ಲಿ ಬರುತ್ತವೆ. ಬ್ರೌಸರ್ ಅದೇ ಪುಟವನ್ನು ಇಂದಿನ ತಾರೀಖಿನಿಂದ ರೆಂಡರ್ ಮಾಡಿ ನೋಡಿದಾಗ ಎರಡೂ ಹೊಂದದೆ ಹೈಡ್ರೇಶನ್ (ಸರ್ವರ್ ಕಳಿಸಿದ ಪುಟಕ್ಕೆ ಬ್ರೌಸರಿನಲ್ಲಿ ರಿಯಾಕ್ಟ್ ಜೋಡಿಸುವ ಹಂತ) ಎರರ್ ಕೂಡ ಬರುತ್ತದೆ. ಭಾಷೆಯನ್ನು ಹೇಳದೆ ದಿನಾಂಕ ಬರೆಸಿದರೂ ಇದೇ ಆಗುತ್ತದೆ, ಏಕೆಂದರೆ ಸರ್ವರಿನ ಭಾಷೆ ಒಂದು, ವ್ಯಾಪಾರಿಯ ಫೋನಿನ ಭಾಷೆ ಇನ್ನೊಂದು. ಸಮಯವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದೂ ಭಾಷೆಯನ್ನು ಕನ್ನಡವೆಂದೂ ದಿನಾಂಕ ಬರೆಯುವ ನಿಮ್ಮ ಒಂದೇ ಫಂಕ್ಷನ್ನಿನಲ್ಲಿ ಬಾಯಿಬಿಟ್ಟು ಹೇಳಿಬಿಡಿ. ಕನ್ನಡವೆಂದು ಹೇಳಿದರೂ ಅಂಕಿಗಳು 1, 2, 3 ಎಂದೇ ಬರುತ್ತವೆ. ೧, ೨, ೩ ಬೇಕೆಂದರೆ ಅಂಕಿಗಳ ಪದ್ಧತಿಯನ್ನೂ ಬೇರೆಯಾಗಿ ಸೂಚಿಸಬೇಕು. ಇದೇ ಕಾರಣಕ್ಕೆ ಅಂಕಣಗಳ ಐಡಿಗೆ ರ್‍ಯಾಂಡಮ್ ಸಂಖ್ಯೆಯನ್ನು ಡಿಫಾಲ್ಟ್ ಮಾಡಬೇಡಿ. 2022ರಲ್ಲಿ ರಿಯಾಕ್ಟ್ 18ರ ಜೊತೆ ಬಂದ ‘ಯೂಸ್‌ಐಡಿ’ ಸರ್ವರಿನಲ್ಲೂ ಬ್ರೌಸರಿನಲ್ಲೂ ಒಂದೇ ಐಡಿ ಕೊಡುತ್ತದೆ.

ಕೆಲಸವನ್ನು ಬಟನ್ನಿನಿಂದಲೇ ಆರಂಭಿಸಿ, ಏಕೆಂದರೆ ಈ ಹೊತ್ತಿಗೂ ಅದು ತಪ್ಪು ಬಿಲ್‌ಗಳನ್ನು ಸೇವ್ ಮಾಡುತ್ತಿದೆ. ಅದನ್ನು ಸರಿಪಡಿಸಿದ ಕೂಡಲೇ ಅದಕ್ಕೊಂದು ಟೆಸ್ಟ್ ಬರೆಯಿರಿ: ಫಾರಂನೊಳಗೆ ಆ ಬಟನ್ನನ್ನು ಟೈಪ್ ಕೊಡದೆ ಒಮ್ಮೆ, ಅನ್‌ಡಿಫೈನ್ಡ್ ಎಂದು ಕೊಟ್ಟು ಒಮ್ಮೆ, ನಲ್ ಕೊಟ್ಟು ಒಮ್ಮೆ ಇಟ್ಟು, ಒತ್ತಿದಾಗ ಫಾರಂ ಸಬ್‌ಮಿಟ್ ಆಗಬಾರದು ಎಂದು ಪರೀಕ್ಷಿಸಿ. ಮೂರನೆಯದು ಸೋಲುತ್ತದೆ, ಏಕೆಂದರೆ ಪ್ಯಾರಾಮೀಟರಿನ ಡಿಫಾಲ್ಟ್ ನಲ್ ಅನ್ನು ತಡೆಯುವುದಿಲ್ಲ. ಬಟನ್ನಿನ ಮಟ್ಟಿಗೆ ನಲ್ ಬಂದರೂ ಸಬ್‌ಮಿಟ್ ಆಗಕೂಡದು ಎಂಬುದು ನಿಮ್ಮ ತೀರ್ಮಾನವಾದರೆ, ಪುಟಕ್ಕೆ ಬರೆಯುವ ಸಾಲಿನಲ್ಲಿ ಟೈಪ್‌ನ ಮುಂದೆ ‘??’ ಹಾಕಿ ‘ಬಟನ್’ ಎಂದು ಬರೆಯಿರಿ. ಆ ಒಂದು ಸಾಲು ಮೂರೂ ಸಂದರ್ಭಗಳಿಗೆ ಸಾಕಾಗುತ್ತದೆ.